ದಾಲ್ ಮಿಲ್ ಪತ್ರದಲ್ಲಿ ‘ಪ್ಲೆಂಟಿ ಸಪ್ಲೈ’ ಅಂತ ಬರೆಯಬಹುದಾ?

ಗಂಜ್ ಗುಮಾಸ್ತ, ಕಲಬುರಗಿ

ಎಲ್ಲರಿಗೂ ಶರಣು. ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಪತ್ರ, ಇ-ಮೇಲ್ ಕೂಡ ನನ್ನ ತಲೆಗೇ. ಸೊಲ್ಲಾಪುರ, ಹೈದರಾಬಾದ್ ಪಾರ್ಟಿಗಳ ಜೊತೆ ಫೋನಿನಲ್ಲಿ ಹಿಂದಿ ಮಾತಾಡಿದರೆ ವ್ಯವಹಾರ ಮುಗಿಯುತ್ತದೆ. ಈಗ ಕೊಚ್ಚಿಯ ಒಂದು ಕ್ಯಾಟರಿಂಗ್ ಕಂಪನಿ ತೊಗರಿ ಬೇಳೆ ಕೇಳಿದೆ. ಅವರಿಗೆ ಎಲ್ಲಾ ಇಂಗ್ಲಿಷಿನಲ್ಲಿ, ಅದೂ ಬರಹದಲ್ಲಿ ಬೇಕು.

ಮೊದಲ ಸಾಲಿಗೇ ಆಫೀಸಿನಲ್ಲಿ ಜಗಳ ಶುರು. ಸಾವ್ಕಾರ್ರು ಹೇಳಿದ್ದು ಇಷ್ಟೇ: ‘ನಮ್ಮಲ್ಲಿ ಮಾಲು ರಗಡ ಅದ ಅಂತ ಬರಿ.’ ನಾನು ‘ವಿ ಹ್ಯಾವ್ ಪ್ಲೆಂಟಿ ಸಪ್ಲೈ ಆಫ್ ತೂರ್ ದಾಲ್’ ಅಂತ ಟೈಪ್ ಮಾಡಿದೆ. ಸಾವ್ಕಾರ್ರ ಅಳಿಯ ಬೆಂಗಳೂರಲ್ಲಿ ಓದಿದವರು. ಅವರು ಅದನ್ನು ಹೊಡೆದು ಹಾಕಿ ‘ಎ ಪ್ಲೆಥೋರಾ ಆಫ್ ಸ್ಟಾಕ್’ ಮಾಡಿದರು. ಸಾವ್ಕಾರ್ರಿಗೆ ಅದು ಬಾಯಿಗೇ ಬರಲಿಲ್ಲ, ‘ಎನಫ್ ಅಂಡ್ ಮೋರ್’ ಅಂತ ಹಾಕು ಅಂದರು. ಮೂರರಲ್ಲಿ ಯಾವುದು ಸರಿ? ತಿಳಿದವರು ಹೇಳಿ, ನಾಳೆ ಕಳಿಸಬೇಕು.

ಶಹಾಬಾದ್ ಟೀಚರ್

ಗುಮಾಸ್ತರೇ, ಮೊದಲು ನಿಮ್ಮ ಸಾಲನ್ನೇ ನೋಡೋಣ. ‘ಪ್ಲೆಂಟಿ’ ಆದಮೇಲೆ ವಸ್ತುವಿನ ಹೆಸರು ಬರಬೇಕಾದರೆ ನಡುವೆ ‘ಆಫ್’ ಬೇಕು. ‘ಪ್ಲೆಂಟಿ ಆಫ್ ದಾಲ್’, ‘ಪ್ಲೆಂಟಿ ಆಫ್ ಸ್ಟಾಕ್’. ಹಿಂದೆ ‘ಎ’ ಹಾಕುವಂತಿಲ್ಲ. ನಮ್ಮ ಮಕ್ಕಳು ‘ಎ ಲಾಟ್ ಆಫ್’ ಬಾಯಿಪಾಠ ಮಾಡಿ, ಅದೇ ಅಚ್ಚಿನಲ್ಲಿ ‘ಎ ಪ್ಲೆಂಟಿ ಆಫ್’ ಅಂತಲೂ ಬರೆದುಬಿಡುತ್ತಾರೆ.

‘ಸಪ್ಲೈ’ ಬಿಡೋಕೆ ಮನಸ್ಸಿಲ್ಲ ಅಂದರೆ ‘ಪ್ಲೆಂಟಿ’ ಹೋಗಿ ‘ಪ್ಲೆಂಟಿಫುಲ್’ ಬರಬೇಕು: ‘ವಿ ಹ್ಯಾವ್ ಎ ಪ್ಲೆಂಟಿಫುಲ್ ಸಪ್ಲೈ ಆಫ್ ತೂರ್ ದಾಲ್’. ಇಲ್ಲಿ ಆ ‘ಎ’ ಇರಲೇಬೇಕು, ಅದು ‘ಸಪ್ಲೈ’ಗೆ ಸೇರಿದ್ದು. ಇನ್ನೊಂದು ದಾರಿ ‘ಆ್ಯಂಪಲ್’. ‘ಆ್ಯಂಪಲ್ ಸ್ಟಾಕ್’ ಅಂದರೆ ಸಾಕು, ‘ಆ್ಯಂಪಲ್ ಆಫ್ ಸ್ಟಾಕ್’ ತಪ್ಪು. ‘ಅಬಂಡನ್ಸ್’ ಇಷ್ಟ ಇದ್ದರೆ ‘ಆ್ಯನ್ ಅಬಂಡನ್ಸ್ ಆಫ್’ ಅಥವಾ ವಾಕ್ಯದ ಕೊನೆಗೆ ‘ಇನ್ ಅಬಂಡನ್ಸ್’. ಆದರೆ ಅದು ಬೇಳೆಕಾಳಿನ ಪತ್ರಕ್ಕೆ ಸ್ವಲ್ಪ ಭಾರವಾಯಿತು ಅನ್ನಿಸುತ್ತದೆ. ಮಳೆ, ಬೆಳೆ, ನಿಸರ್ಗದ ವರ್ಣನೆಗೆ ಚೆನ್ನ.

‘ಪ್ಲೆಥೋರಾ’ ಬಗ್ಗೆ ನಾನು ಮಾತಾಡಲ್ಲ. ಆ ಪದ ಕಂಡರೆ ನನಗೆ ಆಗಲ್ಲ.

ಬೀದರ್ ಸಿಸ್ಟರ್

ಟೀಚರ್ ಅಕ್ಕಾ, ಅದನ್ನು ನಾನು ಹೇಳ್ತೀನಿ. ಅದು ನಮ್ಮ ವಾರ್ಡಿನ ಪದ. ಹುಟ್ಟಿದ ಮಗು ಮಾಮೂಲಿಗಿಂತ ಜಾಸ್ತಿ ಕೆಂಪಗೆ ಕಂಡರೆ ಕೇಸ್ ಶೀಟಿನಲ್ಲಿ ‘ಪ್ಲೆಥೋರಿಕ್’ ಅಂತ ಬರೆಯುತ್ತೇವೆ. ತಕ್ಷಣ ರಕ್ತ ತೆಗೆದು ಲ್ಯಾಬಿಗೆ ಕಳಿಸುತ್ತೇವೆ, ಯಾಕಂದರೆ ಕೆಂಪು ರಕ್ತಕಣ ಮಿತಿ ಮೀರಿರಬಹುದು. ರಕ್ತ ಗಟ್ಟಿಯಾದರೆ ಮಗುವಿಗೆ ತೊಂದರೆ. ಗ್ರೀಕಿನಿಂದ ಬಂದ ಪದ, ಇಂಗ್ಲಿಷಿಗೆ ಮೊದಲು ಬಂದದ್ದೇ ವೈದ್ಯರ ಬಾಯಿಂದ. ದೇಹದಲ್ಲಿ ರಕ್ತ ಅತಿಯಾಗಿದೆ ಅನ್ನೋ ಅರ್ಥ. ಆಮೇಲೆ ಯಾವುದೇ ವಸ್ತು ಮಿತಿ ಮೀರಿದ್ದಕ್ಕೂ ಅದೇ ಹೆಸರಾಯಿತು. ಈಗ ಪೇಪರಿನವರು ಸುಮ್ನೆ ‘ಬಹಳ’ ಅನ್ನೋದಕ್ಕೂ ಬಳಸುತ್ತಾರೆ, ಡಿಕ್ಷನರಿಗಳೂ ಒಪ್ಪಿಕೊಂಡಿವೆ. ಆದರೂ ಹಳೆಯ ವಾಸನೆ ಪೂರ್ತಿ ಹೋಗಿಲ್ಲ. ‘ಪ್ಲೆಥೋರಾ ಆಫ್ ಸ್ಟಾಕ್’ ಅಂದರೆ ಮಾಲು ಖಾಲಿ ಆಗದೆ ಕೊಳೆಯುತ್ತಿದೆಯಾ ಅಂತ ಓದಿದವರಿಗೆ ಅನುಮಾನ ಬರಬಹುದು.

ಸುಮ್ನೆ ಓದುವವ

ಏನ್ರೀ ಇದು, ಒಂದು ‘ಆಫ್’ಗೆ ಇಷ್ಟು ಚರ್ಚೆ! ಕೊಚ್ಚಿಯವರಿಗೆ ಬೇಕಾಗಿರೋದು ಬೇಳೆ, ವ್ಯಾಕರಣ ಅಲ್ಲ. ‘ಪ್ಲೆಂಟಿ ಸಪ್ಲೈ’ ಅಂದರೂ ಅರ್ಥ ಆಗುತ್ತದೆ. ರೇಟು ಬರೆದು ಕಳಿಸಿ, ಮುಗೀತು.

ಅಡತಿ ಅಣ್ಣ, ನೆಹರು ಗಂಜ್

ತಮ್ಮಾ, ಅರ್ಥ ಆಗೋದು ಬೇರೆ, ಏನು ಅರ್ಥ ಆಗುತ್ತದೆ ಅನ್ನೋದು ಬೇರೆ. ವ್ಯಾಕರಣ ನನಗೂ ಅಷ್ಟಕ್ಕಷ್ಟೇ. ಆದರೆ ಮಾಲು ಎಷ್ಟಿದೆ ಅಂತ ಯಾವ ಮಾತಿನಲ್ಲಿ ಹೇಳುತ್ತೀರಿ ಅನ್ನೋದರ ಮೇಲೆ ರೇಟು ನಿಲ್ಲುತ್ತದೆ. ಗಂಜಿನಲ್ಲಿ ಕೂತವರಿಗೆ ಇದು ಗೊತ್ತು.

2015ರ ನೆನಪಿದೆಯಾ? ತೊಗರಿ ಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಹತ್ತಿರ ಹೋಗಿತ್ತು. ಆಗ ಇಂಗ್ಲಿಷ್ ಪೇಪರ್ ತೆಗೆದರೆ ‘ಇನ್ ಶಾರ್ಟ್ ಸಪ್ಲೈ’ ಅಂತ ಇರುತ್ತಿತ್ತು. ರೇಟು ನೋಡಿ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಆಯಿತು. 2016-17ರ ರಾಶಿ ಗಂಜಿಗೆ ಬಂದಾಗ ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ, ಹೊರಗೆ ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ. ಖರೀದಿ ಕೇಂದ್ರದ ಮುಂದೆ ಚೀಲ ಹೇರಿದ ಟ್ರ್ಯಾಕ್ಟರ್‌ಗಳ ಸಾಲು. ಆಗ ಅದೇ ಪೇಪರಿನಲ್ಲಿ ಬಂದ ಪದ ‘ಗ್ಲಟ್’.

ಮಾಲು ಜಾಸ್ತಿ ಅನ್ನೋದು ‘ಪ್ಲೆಂಟಿ’ಯಲ್ಲೂ ಇದೆ, ‘ಗ್ಲಟ್’ನಲ್ಲೂ ಇದೆ. ಆದರೆ ‘ಪ್ಲೆಂಟಿ’ ಅಂದರೆ ಕೊಳ್ಳುವವನಿಗೆ ಧೈರ್ಯ: ಕೇಳಿದಷ್ಟು ಸಿಗುತ್ತದೆ. ‘ಗ್ಲಟ್’ ಅಂದರೆ ಅವನಿಗೆ ಲಾಭ: ಮಾರುವವ ಕೈಗೆ ಸಿಕ್ಕಿದ್ದಾನೆ, ಹಿಂಡು. ‘ಸರ್ಪ್ಲಸ್ ಸ್ಟಾಕ್’ ಅಂತ ಬರೆದರೂ ಅದೇ ಕಥೆ, ಡಿಸ್ಕೌಂಟ್ ಕೇಳುತ್ತಾರೆ. ‘ಎಕ್ಸೆಸ್’ ಅಂತೂ ಬರೆಯಲೇಬೇಡಿ. ‘ಹ್ಯೂಜ್ ಸ್ಟಾಕ್’ ಅಂತ ಬಹಳ ಮಂದಿ ಹಾಕುತ್ತಾರೆ, ಅದರಲ್ಲಿ ತಪ್ಪಿಲ್ಲ, ಆದರೆ ಸೇಲ್ ಬೋರ್ಡ್ ಓದಿದ ಹಾಗೆ ಆಗುತ್ತದೆ.

ಇನ್ನೊಂದು. ‘ವಿ ಹ್ಯಾವ್ ಎ ಲಾಟ್ ಆಫ್ ತೂರ್’ ಅಂತ ನಮ್ಮ ಧಂದೆಯಲ್ಲಿ ಬರೆಯಬೇಡಿ. ಎಪಿಎಂಸಿಯಲ್ಲಿ ಒಬ್ಬ ರೈತನ ಮಾಲು ಇಳಿಸಿದರೆ ಅದಕ್ಕೊಂದು ಲಾಟ್ ನಂಬರ್ ಬೀಳುತ್ತದೆ. ಟೆಂಡರ್ ಹಾಕುವುದು ಲಾಟಿನ ಮೇಲೆ. ಪೇಟೆಯವನು ಓದಿದರೆ ‘ನಿಮ್ಮ ಹತ್ರ ಒಂದೇ ಲಾಟ್ ಇದೆಯಾ, ಎಷ್ಟು ಚೀಲದ್ದು?’ ಅಂತ ಫೋನ್ ಮಾಡುತ್ತಾನೆ.

ಶಹಾಬಾದ್ ಟೀಚರ್

ಅಣ್ಣಾ, ಇದು ಭಾಳ ಚೆನ್ನಾಗಿದೆ, ಯಾಕಂದರೆ ಆ ಎರಡು ‘ಲಾಟ್’ಗಳೂ ಒಂದೇ ಬೇರಿನವು. ಹಳೆಯ ಇಂಗ್ಲಿಷಿನಲ್ಲಿ ‘ಲಾಟ್’ ಅಂದರೆ ಪಾಲು ಹಂಚುವಾಗ ಚೀಟಿಯ ಥರ ಎತ್ತುತ್ತಿದ್ದ ಮರದ ಚೂರು. ಆಮೇಲೆ ಒಬ್ಬೊಬ್ಬನಿಗೆ ಬಂದ ಪಾಲಿಗೆ ಅದೇ ಹೆಸರು. ಆಮೇಲೆ ಹರಾಜಿಗೆ ಇಟ್ಟ ಮಾಲಿನ ಗುಂಪಿಗೆ. ‘ಬಹಳ’ ಅನ್ನೋ ಅರ್ಥ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಅಂದರೆ ನಿಮ್ಮ ಗಂಜಿನ ಲಾಟೇ ಹಿರಿಯದು, ನಮ್ಮ ಗ್ರಾಮರ್ ಬುಕ್ಕಿನದು ಕಿರಿಯದು.

ಪಿಡಿಓ ಆಕಾಂಕ್ಷಿ

ಮೇಡಂ, ನಾನು ಕಾಂಪಿಟೇಟಿವ್ ಎಕ್ಸಾಮಿಗೆ ಓದುತ್ತಿದ್ದೇನೆ. ‘ಪ್ಲೆಂಟಿ ಆಫ್’ ಆದಮೇಲೆ ‘ಈಸ್’ ಬರಬೇಕಾ ‘ಆರ್’ ಬರಬೇಕಾ? ಕೋಚಿಂಗಿನಲ್ಲಿ ಒಬ್ಬ ಸರ್ ಯಾವಾಗಲೂ ‘ಆರ್’ ಅಂತಾರೆ.

ಶಹಾಬಾದ್ ಟೀಚರ್

ಯಾವಾಗಲೂ ಅಲ್ಲ. ‘ಪ್ಲೆಂಟಿ ಆಫ್’ಗೆ ತನ್ನದೇ ಅಂತ ಏಕವಚನ, ಬಹುವಚನ ಇಲ್ಲ. ಅದರ ಮುಂದೆ ಬರುವ ಪದ ನೋಡಿ. ಎಣಿಸಲಾಗದ ವಸ್ತು ಇದ್ದರೆ ‘ಈಸ್’: ‘ದೇರ್ ಈಸ್ ಪ್ಲೆಂಟಿ ಆಫ್ ದಾಲ್’. ಎಣಿಸುವಂಥದ್ದು ಇದ್ದರೆ ‘ಆರ್’: ‘ದೇರ್ ಆರ್ ಪ್ಲೆಂಟಿ ಆಫ್ ಬ್ಯಾಗ್ಸ್’. ‘ಎ ಲಾಟ್ ಆಫ್’, ‘ಲಾಟ್ಸ್ ಆಫ್’ ಎರಡಕ್ಕೂ ಇದೇ ಲೆಕ್ಕ.

‘ಎ ಪ್ಲೆಂಟಿಫುಲ್ ಸಪ್ಲೈ ಆಫ್ ಬ್ಯಾಗ್ಸ್’ ಬಂದರೆ ಆಟ ಬೇರೆ. ಅಲ್ಲಿ ಯಜಮಾನ ‘ಸಪ್ಲೈ’. ಹಾಗಾಗಿ ಮುಂದೆ ‘ಬ್ಯಾಗ್ಸ್’ ಇದ್ದರೂ ‘ಈಸ್’. ಪರೀಕ್ಷೆಯವರು ಸಿಕ್ಕಿಸುವುದು ಇಲ್ಲೇ. ಇನ್ನೊಂದು ಬಲೆ ‘ನಂಬರ್’. ‘ಎ ನಂಬರ್ ಆಫ್ ಬಯರ್ಸ್ ಆರ್ ವೇಟಿಂಗ್’, ಆದರೆ ‘ದ ನಂಬರ್ ಆಫ್ ಬಯರ್ಸ್ ಈಸ್ ಗ್ರೋಯಿಂಗ್’. ಮೊದಲನೆಯದು ಹಲವಾರು ಮಂದಿ, ಎರಡನೆಯದು ಅವರ ಸಂಖ್ಯೆ.

ಸೇಡಂನಿಂದ ಶಾರ್ಜಾ

ಟೀಚರ್, ಒಂದು ವಿರೋಧ. ಇಲ್ಲಿ ನಮ್ಮ ಗೋಡೌನಿನಲ್ಲಿ ಎಲ್ಲಾ ದೇಶದವರೂ ಇದ್ದಾರೆ. ಫಿಲಿಪೀನ್ಸಿನವರು, ಪಾಕಿಸ್ತಾನದವರು, ಆಫ್ರಿಕಾದವರು. ‘ಪ್ಲೆಂಟಿ ಸ್ಟಾಕ್’, ‘ಪ್ಲೆಂಟಿ ವರ್ಕ್’, ‘ಪ್ಲೆಂಟಿ ಟ್ರಬಲ್’ ಅಂತ ದಿನಾ ಕೇಳುತ್ತೇನೆ. ಯಾರೂ ‘ಆಫ್’ ಹಾಕಲ್ಲ. ಅಮೆರಿಕದ ಡಿಕ್ಷನರಿಯಲ್ಲೂ ‘ಪ್ಲೆಂಟಿ’ಯನ್ನು ವಿಶೇಷಣ ಅಂತ ಕೊಟ್ಟಿದ್ದಾರೆ, ನೋಡಿದ್ದೇನೆ. ಹಾಗಾದರೆ ತಪ್ಪು ಹೇಗಾಯಿತು?

ಶಹಾಬಾದ್ ಟೀಚರ್

ಡಿಕ್ಷನರಿಯಲ್ಲಿ ಇರೋದು ನಿಜ. ಆಡುಮಾತಿನಲ್ಲಿ ನಡೆಯುತ್ತದೆ, ಹಳೆಯ ಬರಹದಲ್ಲೂ ಸಿಗುತ್ತದೆ. ‘ಪ್ಲೆಂಟಿ ಬಿಗ್’, ‘ಪ್ಲೆಂಟಿ ಗುಡ್’ ಅಂತಲೂ ಅಮೆರಿಕದವರು ಅಂತಾರೆ. ಗೋಡೌನಿನಲ್ಲಿ ಕೂಗಿ ಹೇಳುವಾಗ ನಾನು ತಿದ್ದೋಕೆ ಬರಲ್ಲ. ಆದರೆ ಲೆಟರ್‌ಹೆಡ್ ಮೇಲೆ, ಮುಖ ನೋಡದ ಗಿರಾಕಿಗೆ ಮೊದಲ ಪತ್ರ ಬರೆಯುವಾಗ ‘ಆಫ್’ ಹಾಕಿ. ಎರಡು ಅಕ್ಷರದಲ್ಲಿ ಏನು ಉಳಿಸುತ್ತೀರಿ?

ಯಾದಗಿರಿ ಮೆಡಿಕಲ್

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಔಷಧಿ ಅಂಗಡಿ. ‘ಸಪ್ಲೈ’ ಪದದ ಜೊತೆ ದಿನಾ ಗುದ್ದಾಟ.

ನಮ್ಮ ಲೈನಿನಲ್ಲಿ ‘ಶಾರ್ಟ್ ಸಪ್ಲೈ’ ಅಂದರೆ ಬಿಲ್ಲಿನಲ್ಲಿ ಹತ್ತು ಸ್ಟ್ರಿಪ್, ಬಾಕ್ಸ್ ಒಡೆದು ನೋಡಿದರೆ ಒಂಬತ್ತು. ಡಿಸ್ಟ್ರಿಬ್ಯೂಟರಿಗೆ ‘ಒನ್ ಸ್ಟ್ರಿಪ್ ಶಾರ್ಟ್ ಸಪ್ಲೈ’ ಅಂತ ವಾಟ್ಸಾಪ್ ಮಾಡಿದರೆ ಕ್ರೆಡಿಟ್ ನೋಟ್ ಬರುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ಇನ್ ಶಾರ್ಟ್ ಸಪ್ಲೈ’ ಅಂದರೆ ಆ ಔಷಧಿ ಮಾರುಕಟ್ಟೆಯಲ್ಲೇ ಸಿಗುವುದು ಕಷ್ಟ ಅಂತ. ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಫಜೀತಿ ಆದವರನ್ನು ನೋಡಿದ್ದೇನೆ. ಕಡಿಮೆ ಬಂದ ಮಾಲಿಗೆ ‘ಶಾರ್ಟ್ ಡೆಲಿವರ್ಡ್’ ಅನ್ನಿ, ಗೊಂದಲ ಇಲ್ಲ.

‘ಔಟ್ ಆಫ್ ಸಪ್ಲೈ’ ಅಂತಲೂ ಬರೆಯುತ್ತಾರೆ. ಅಂಗಡಿಯಲ್ಲಿ ಖಾಲಿ ಆಗಿದ್ದರೆ ‘ಔಟ್ ಆಫ್ ಸ್ಟಾಕ್’. ಇನ್ನೇನು ಖಾಲಿ ಆಗುತ್ತಿದೆ ಅಂದರೆ ‘ರನ್ನಿಂಗ್ ಲೋ’ ಅಥವಾ ‘ರನ್ನಿಂಗ್ ಶಾರ್ಟ್’. ಕಂಪನಿಯೇ ಕಳಿಸುತ್ತಿಲ್ಲ ಅಂದರೆ ‘ಇನ್ ಶಾರ್ಟ್ ಸಪ್ಲೈ’. ಸರಾಗವಾಗಿ ಬರುತ್ತಿದೆ ಅಂದರೆ ‘ಇನ್ ಗುಡ್ ಸಪ್ಲೈ’, ‘ಇನ್ ಪ್ಲೆಂಟಿಫುಲ್ ಸಪ್ಲೈ’. ಮೊದಲಿನ ‘ಇನ್’ ಬಿಟ್ಟರೆ ಇವು ನಿಲ್ಲಲ್ಲ.

‘ಸಪ್ಲೈ’ ಕ್ರಿಯಾಪದ ಆದಾಗಲೂ ಎಡವುತ್ತಾರೆ. ‘ಪ್ಲೀಸ್ ಸಪ್ಲೈ ಅಸ್ 20 ಬಾಕ್ಸಸ್’ ಅಂತ ನಮ್ಮ ಕಡೆ ಎಲ್ಲರೂ ಬರೆಯೋದು. ನೀಟಾಗಿ ಬರೆಯಬೇಕಂದರೆ ‘ಸಪ್ಲೈ ಅಸ್ ವಿತ್ 20 ಬಾಕ್ಸಸ್’ ಅಥವಾ ‘ಸಪ್ಲೈ 20 ಬಾಕ್ಸಸ್ ಟು ಅಸ್’. ಮನುಷ್ಯ ಮೊದಲು ಬಂದರೆ ‘ವಿತ್’, ಮಾಲು ಮೊದಲು ಬಂದರೆ ‘ಟು’. ಟೀಚರ್ ಮೇಡಂ, ಸರಿ ಹೇಳಿದ್ದೇನಾ?

ಶಹಾಬಾದ್ ಟೀಚರ್

ನೂರಕ್ಕೆ ನೂರು. ನಮ್ಮ ಶಾಲೆಗೆ ಬಂದು ಒಂದು ಪೀರಿಯಡ್ ತೆಗೆದುಕೊಳ್ಳಿ.

ಗಂಜ್ ಗುಮಾಸ್ತ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಸಾವ್ಕಾರ್ರ ‘ಎನಫ್ ಅಂಡ್ ಮೋರ್’ ಬಗ್ಗೆ ಯಾರೂ ಹೇಳಲಿಲ್ಲ. ಅವರು ಅದನ್ನು ಬಿಡೋ ಹಾಗೆ ಕಾಣುತ್ತಿಲ್ಲ. ‘ಎನಫ್ ಅಂದರೆ ಸಾಕಷ್ಟು, ಮೋರ್ ಅಂದರೆ ಇನ್ನೂ ಜಾಸ್ತಿ, ಇದರಲ್ಲಿ ಏನು ತಪ್ಪು?’ ಅಂತ ಕೇಳುತ್ತಾರೆ. ಅಳಿಯನೋ, ‘ಸಫಿಶಿಯಂಟ್ ಎನಫ್’ ಮಾಡೋಣ ಅಂತಾರೆ.

ಬೀದರ್ ಸಿಸ್ಟರ್

‘ಎನಫ್ ಅಂಡ್ ಮೋರ್’ ಹೆಚ್ಚಾಗಿ ನಮ್ಮ ಕಡೆಯ ಇಂಗ್ಲಿಷ್. ಕೇರಳದವರೂ ಅದನ್ನು ಧಾರಾಳವಾಗಿ ಬಳಸುತ್ತಾರೆ, ನಮ್ಮ ಆಸ್ಪತ್ರೆಯ ಮಲಯಾಳಿ ಸಿಸ್ಟರ್‌ಗಳ ಬಾಯಲ್ಲೇ ಕೇಳಿದ್ದೇನೆ. ಹಾಗಾಗಿ ಕೊಚ್ಚಿಗೆ ಕಳಿಸಿದರೆ ಯಾರೂ ಹುಬ್ಬೇರಿಸಲ್ಲ! ಇಂಗ್ಲಿಷಿನವರ ಹಳೆಯ ಮಾತು ‘ಎನಫ್ ಅಂಡ್ ಟು ಸ್ಪೇರ್’. 1611ರ ಇಂಗ್ಲಿಷ್ ಬೈಬಲಿನಲ್ಲೇ ಇದೆ. ಮನೆ ಬಿಟ್ಟು ಹೋದ ಮಗ ಹಸಿದು ಕೂತಾಗ, ‘ನಮ್ಮಪ್ಪನ ಮನೆಯ ಕೂಲಿಯವರಿಗೇ ತಿಂದು ಮಿಗುವಷ್ಟು ರೊಟ್ಟಿ ಇದೆಯಲ್ಲಾ’ ಅಂದುಕೊಳ್ಳುತ್ತಾನೆ. ಆ ಜಾಗದಲ್ಲಿ ಬರುವ ಮಾತು ಅದು. ಬೀದರಿನಲ್ಲಿ ಚರ್ಚಿಗೆ ಹೋಗುವವರಿಗೆ ಈ ಕಥೆ ಚೆನ್ನಾಗಿ ಗೊತ್ತು.

ಶಹಾಬಾದ್ ಟೀಚರ್

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಾವ್ಕಾರ್ರ ಗೊಂದಲ ಹುಟ್ಟಿದ್ದು ನಮ್ಮ ‘ಸಾಕಷ್ಟು’ ಪದದಿಂದ. ಕನ್ನಡದಲ್ಲಿ ‘ಸಾಕಷ್ಟು ಮಾಲು ಇದೆ’ ಅಂದರೆ ಬೇಕಾದಷ್ಟು ಇದೆ, ಇನ್ನೂ ಮಿಕ್ಕುತ್ತದೆ ಅಂತಲೇ ಕೇಳಿಸುತ್ತದೆ. ಇಂಗ್ಲಿಷಿನ ‘ಎನಫ್’ ಅಷ್ಟು ಉದಾರಿ ಅಲ್ಲ. ಕೆಲಸ ಸಾಗುವಷ್ಟು ಇದೆ, ಅಷ್ಟೇ. ‘ಅಡಿಕ್ವೇಟ್’ ಇನ್ನೂ ಜಿಪುಣ, ಹೇಗೋ ಸರಿದೂಗುತ್ತದೆ ಅನ್ನೋ ಧಾಟಿ. ಮಾಲು ಮಾರುವವರು ‘ಅಡಿಕ್ವೇಟ್ ಸ್ಟಾಕ್’ ಅಂತ ಬರೆದರೆ ತಾವೇ ಕೈ ಬಿಗಿ ಹಿಡಿದ ಹಾಗೆ. ‘ಪ್ಲೆಂಟಿ’ಯಲ್ಲಿ ‘ಸಾಕು’ ಅನ್ನೋದೂ ಇದೆ, ಮೇಲೆ ಮಿಗುವುದೂ ಇದೆ.

ಅದಕ್ಕೇ ‘ಪ್ಲೆಂಟಿ’ ಇಲ್ಲ ಅಂತ ಹೇಳುವಾಗ ಎಚ್ಚರ. ‘ವಿ ಡೋಂಟ್ ಹ್ಯಾವ್ ಪ್ಲೆಂಟಿ ಆಫ್ ಸ್ಟಾಕ್’ ಕಿವಿಗೆ ಒರಟು. ‘ವಿ ಡೋಂಟ್ ಹ್ಯಾವ್ ಮಚ್ ಸ್ಟಾಕ್’ ಅಥವಾ ‘ಎನಫ್ ಸ್ಟಾಕ್’ ಅನ್ನುತ್ತಾರೆ.

ಅಳಿಯಂದಿರಿಗೆ ಹೇಳಿ: ‘ಸಫಿಶಿಯಂಟ್’ ಅಂದರೂ ಸಾಕು, ‘ಎನಫ್’ ಅಂದರೂ ಸಾಕು. ಎರಡೂ ಸೇರಿಸಿದರೆ ‘ಸಾಕು ಸಾಕು’.

ಸುಮ್ನೆ ಓದುವವ

ಹಹ್ಹಾ. ನಾನು ಮೊದಲು ಹೇಳಿದ್ದನ್ನು ಅರ್ಧ ವಾಪಸ್ ತಗೊಂಡೆ. ಆ ಗ್ಲಟ್ ವಿಷಯ ಗೊತ್ತಿರಲಿಲ್ಲ. ಆದರೆ ಸೂಪರ್ ಮಾರ್ಕೆಟ್ ಕಡೆ ಬಟ್ಟೆ ಅಂಗಡಿಯವರು ದೀಪಾವಳಿಗೆ ‘ಆಫರ್ಸ್ ಗಲೋರ್’ ಅಂತ ಬ್ಯಾನರ್ ಕಟ್ಟುತ್ತಾರಲ್ಲ, ಅದು ಏನು? ಪದ ಹಿಂದು ಮುಂದಾಗಿದೆಯಾ?

ಶಹಾಬಾದ್ ಟೀಚರ್

ಬ್ಯಾನರ್ ಸರಿ ಇದೆ. ‘ಗಲೋರ್’ ಐರಿಷ್ ಭಾಷೆಯಿಂದ ಬಂದದ್ದು, ಅಲ್ಲಿ ‘ಗೊ ಲ್ಯೋರ್’ ಅಂದರೆ ‘ಸಾಕಾಗುವಷ್ಟು’. ಇಂಗ್ಲಿಷಿನಲ್ಲಿ ಅದು ಯಾವಾಗಲೂ ವಸ್ತುವಿನ ಹೆಸರು ಆದಮೇಲೆಯೇ ಕೂರುತ್ತದೆ. ‘ಗಲೋರ್ ಆಫರ್ಸ್’ ಅಂದರೆ ತಪ್ಪು. ಬ್ಯಾನರಿಗೆ ಒಪ್ಪುತ್ತದೆ, ‘ದಾಲ್ ಗಲೋರ್’ ಅಂತ ಮಾತ್ರ ಬರೆಯಬೇಡಿ.

ಅಡತಿ ಅಣ್ಣ, ನೆಹರು ಗಂಜ್

ಗುಮಾಸ್ತ ತಮ್ಮಾ, ನನ್ನ ಸಲಹೆ ಕೇಳು. ಯಾವ ಪದ ಹಾಕಿದರೂ ಹಾಕು, ಜೊತೆಗೆ ಅಂಕಿ ಕೊಡು. ‘ಪ್ಲೆಂಟಿ’ ಎಲ್ಲಾ ಮಿಲ್ಲಿನವರೂ ಬರೆಯುತ್ತಾರೆ. ಕ್ಯಾಟರಿಂಗ್ ನಡೆಸುವವನಿಗೆ ಬೇಕಾಗಿರೋದು ತಿಂಗಳಿಗೆ ಎಷ್ಟು ಬರುತ್ತದೆ, ಜುಲೈನಲ್ಲೂ ಬರುತ್ತದಾ ಅನ್ನೋದು. ನಮ್ಮ ರಾಶಿ ಡಿಸೆಂಬರ್, ಜನವರಿಯಲ್ಲಿ. ಆಗ ಎಲ್ಲರ ಹತ್ರವೂ ರಗಡ. ಮಳೆಗಾಲದಲ್ಲಿ ಕೊಡುವವನೇ ಗಟ್ಟಿ ಕುಳ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಇದೆಯಲ್ಲ, ‘ಸ್ಟೆಡಿ’ ಅಂತ?

ಶಹಾಬಾದ್ ಟೀಚರ್

‘ಎ ಸ್ಟೆಡಿ ಸಪ್ಲೈ’. ವರ್ಷ ಪೂರ್ತಿ ಅನ್ನೋದಕ್ಕೆ ‘ಥ್ರೂಔಟ್ ದ ಇಯರ್’. ಅಣ್ಣ ಹೇಳಿದ್ದು ಸರಿ, ಈ ಪತ್ರಕ್ಕೆ ‘ಪ್ಲೆಂಟಿಫುಲ್’ಗಿಂತ ‘ಸ್ಟೆಡಿ’ಗೇ ಬೆಲೆ ಜಾಸ್ತಿ.

ಗಂಜ್ ಗುಮಾಸ್ತ, ಕಲಬುರಗಿ

ಹಾಗಾದರೆ ಹೀಗೆ ಬರೆದಿದ್ದೇನೆ, ನೋಡಿ:

‘ವಿ ಕ್ಯಾನ್ ಸಪ್ಲೈ ಯು ವಿತ್ 20 ಟನ್ಸ್ ಆಫ್ ತೂರ್ ದಾಲ್ ಎ ಮಂತ್, ಥ್ರೂಔಟ್ ದ ಇಯರ್, ಇನ್ 50 ಕೆಜಿ ಬ್ಯಾಗ್ಸ್. ದೇರ್ ಈಸ್ ಪ್ಲೆಂಟಿ ಮೋರ್ ಇಫ್ ಯು ನೀಡ್ ಇಟ್.’

‘ಪ್ಲೆಂಟಿ ಮೋರ್’ನಲ್ಲಿ ‘ಆಫ್’ ಬೇಕಾ?

ಶಹಾಬಾದ್ ಟೀಚರ್

ಬೇಡ. ‘ಮೋರ್’ಗೆ ಮೊದಲು ‘ಪ್ಲೆಂಟಿ’ ನೇರವಾಗಿ ನಿಲ್ಲುತ್ತದೆ. ‘ಪ್ಲೆಂಟಿ ಮೋರ್ ದಾಲ್’ ಅಂದರೂ ಸರಿ. ಪತ್ರ ಚೆನ್ನಾಗಿದೆ, ಒಂದು ಅಕ್ಷರ ಮುಟ್ಟಬೇಡಿ.

ಅಡತಿ ಅಣ್ಣ, ನೆಹರು ಗಂಜ್

ಒಂದು ಅಕ್ಷರ ಅಲ್ಲ, ಒಂದು ಹೆಸರಿನ ಬಗ್ಗೆ ಎಚ್ಚರ. ಬ್ಯಾಗಿನ ಮೇಲೆ ‘ಗುಲ್ಬರ್ಗಾ ತೂರ್ ದಾಲ್’ ಅಂತ ಅಚ್ಚು ಹಾಕಿಸುವ ಯೋಚನೆ ಇದ್ದರೆ ಮೊದಲು ನೋಂದಣಿ ಮಾಡಿಸಿ. 2019ರಲ್ಲಿ ನಮ್ಮ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು, ಬಂದಿದೆ. ಊರಿನ ಹೆಸರು 2014ರಲ್ಲೇ ಕಲಬುರಗಿ ಆದರೂ ಟ್ಯಾಗ್ ಇರೋದು ಹಳೆಯ ಹೆಸರಿನಲ್ಲಿ. ಅದನ್ನು ಬಳಸಬೇಕಂದರೆ ಅಧಿಕೃತ ಬಳಕೆದಾರ ಅಂತ ಹೆಸರು ದಾಖಲಾಗಿರಬೇಕು. ಪತ್ರದಲ್ಲಿ ಬರೀ ‘ತೂರ್ ದಾಲ್’ ಅಂತ ಹಾಕಿದ್ದು ಒಳ್ಳೆಯದೇ ಆಯಿತು.

ಪಿಡಿಓ ಆಕಾಂಕ್ಷಿ

ಮೇಡಂ, ಕೊನೆಯದೊಂದು. ಪ್ರಬಂಧದಲ್ಲಿ ‘ಲಾಟ್ಸ್ ಆಫ್’ ಬರೆದರೆ ಮಾರ್ಕ್ಸ್ ಕಟ್ ಆಗುತ್ತದಾ?

ಶಹಾಬಾದ್ ಟೀಚರ್

ತಪ್ಪು ಅಂತ ಯಾರೂ ಕಟ್ ಮಾಡುವಂತಿಲ್ಲ, ಆದರೆ ಪ್ರಬಂಧಕ್ಕೆ ಅದು ಸ್ವಲ್ಪ ಹಗುರ. ಎಣಿಸುವ ವಸ್ತುವಿಗೆ ‘ಮೆನಿ’ ಅಥವಾ ‘ಎ ಲಾರ್ಜ್ ನಂಬರ್ ಆಫ್’, ಎಣಿಸಲಾಗದ್ದಕ್ಕೆ ‘ಮಚ್’ ಅಥವಾ ‘ಎ ಗ್ರೇಟ್ ಡೀಲ್ ಆಫ್’ ಹಾಕು. ಮತ್ತೆ ‘ಎ ಲಾಟ್’ ಎರಡು ಬೇರೆ ಪದ, ಕೂಡಿಸಿ ಬರೆಯಬೇಡ. ಕೂಡಿಸಿ ಬರೆದದ್ದಕ್ಕೆ ಮಾತ್ರ ಮಾರ್ಕ್ಸ್ ಹೋಗುತ್ತದೆ.